ಚಂದ್ರನ ಪಾಳಿ

ಮುಲುಂಡ್ ಪೂರ್ವದಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ತಿಂಗಳಿಗೊಮ್ಮೆ ಸೇರುತ್ತೇವೆ. ಚಳಿಗಾಲದ ಒಂದು ಶನಿವಾರ ಕೂಟ ಮತ್ತು ಸಂಕಷ್ಟಿ ಒಂದೇ ದಿನ ಬಂದವು. ಅವತ್ತು ನಾನು ಆಡಿದ ಮಾತನ್ನು ಇಲ್ಲಿ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿರುವ ಅರ್ಧ ಜನ ಬೆಳಿಗ್ಗೆಯಿಂದ ಉಪವಾಸ ಇದ್ದೀರಿ. ಗೋಡೆಯ ಕ್ಯಾಲೆಂಡರಿನಲ್ಲಿ ಚಂದ್ರೋದಯ 9 ಗಂಟೆ 4 ನಿಮಿಷ ಅಂತ ಇದೆ. ಅಷ್ಟರೊಳಗೆ ನಾನು ಮುಗಿಸದಿದ್ದರೆ ನೀವೇ ಎದ್ದು ಟೆರೇಸಿಗೆ ಹೋಗುತ್ತೀರಿ, ನನಗೆ ಗೊತ್ತು. ಹಾಗಾಗಿ ಪೀಠಿಕೆ ಬೇಡ.

ಒಂದು ಪ್ರಶ್ನೆ ಕೇಳುತ್ತೇನೆ. ಚಂದ್ರ ಯಾಕೆ ಸಣ್ಣಗಾಗುತ್ತಾನೆ, ಯಾಕೆ ದೊಡ್ಡಗಾಗುತ್ತಾನೆ?

ನೆರಳು ಅಂತ ಹಿಂದಿನಿಂದ ಯಾರೋ ಹೇಳಿದಿರಿ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುತ್ತದೆ, ಅಲ್ವಾ? ತುಂಬ ಜನ ಹೀಗೇ ಹೇಳುತ್ತಾರೆ. ನಾನು ಪಾಠ ಶುರು ಮಾಡುವ ಮೊದಲು ಸ್ವತಃ ಹೀಗೇ ನಂಬಿದ್ದೆ. ಆದರೆ ಅಷ್ಟಮಿಯ ಸಂಜೆಯನ್ನು ನೆನಪು ಮಾಡಿಕೊಳ್ಳಿ. ಜುಹೂ ಕಡಲತೀರದಲ್ಲಿ ನಿಂತಿದ್ದೀರಿ. ಸೂರ್ಯ ಪಶ್ಚಿಮಕ್ಕೆ ನೀರಿನ ಅಂಚಿನಲ್ಲಿದ್ದಾನೆ. ಅರ್ಧ ಚಂದ್ರ ನೆತ್ತಿಯ ಹತ್ತಿರ ಇದ್ದಾನೆ. ಭೂಮಿಯ ನೆರಳು ಯಾವ ಕಡೆಗೆ ಹೋಗಬೇಕು? ಸೂರ್ಯನಿಗೆ ಎದುರು, ಅಂದರೆ ನಿಮ್ಮ ಬೆನ್ನ ಹಿಂದೆ, ಪೂರ್ವಕ್ಕೆ. ನೆತ್ತಿಯ ಮೇಲಿರುವವನ ಮೇಲೆ ಅದು ಹೇಗೆ ಬೀಳುತ್ತದೆ? ಬೀಳುವುದಿಲ್ಲ. ನೆರಳಿನ ಕತೆ ಅಲ್ಲಿಗೇ ಮುಗಿಯಿತು.

ನೆರಳು ಬೀಳುವುದು ಗ್ರಹಣದ ದಿನ ಮಾತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ಇದನ್ನು ನನಗೆ ಸರಿಯಾಗಿ ಕಲಿಸಿದ್ದು ಪುಸ್ತಕ ಅಲ್ಲ, ಒಬ್ಬ ಹುಡುಗ. ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಾನು ಫೋರ್ಟ್‌ನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಮಕ್ಕಳೆಲ್ಲ ಉಡುಪಿ ಹೋಟೆಲುಗಳಲ್ಲಿ ಕೆಲಸಕ್ಕಿದ್ದವರು. ಹಗಲು ತಟ್ಟೆ ಲೋಟ, ಸಂಜೆ ಏಳರ ಮೇಲೆ ಪಾಠ. ಒಂದು ದಿನ ಬೋರ್ಡಿನ ಮೇಲೆ ಚಂದ್ರನ ಎಂಟು ಚಿತ್ರ ಬರೆದು ಹೆಸರು ಬಾಯಿಪಾಠ ಮಾಡಿಸುತ್ತಿದ್ದೆ. ಒಬ್ಬ ಎದ್ದು ಕೇಳಿದ: "ಮಾಷ್ಟ್ರೇ, ಶುಕ್ಲ ಪಕ್ಷದ ಚಂದ್ರ ಶಾಲೆ ಬಿಟ್ಟು ಹೋಗುವಾಗ ಕಾಣ್ತದೆ. ಕೃಷ್ಣ ಪಕ್ಷದ್ದು ಕಾಣುದೇ ಇಲ್ಲ. ಅದು ಎಲ್ಲಿ ಹೋಗ್ತದೆ?" ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆಗ ಹಿಂದಿನ ಬೆಂಚಿನ ಹುಡುಗ, ಕುಂದಾಪುರದ ಕಡೆಯವನು, ಕೂತಲ್ಲಿಂದಲೇ ಹೇಳಿದ: "ಎಲ್ಲಿಯೂ ಹೋಗುದಿಲ್ಲ. ನಾನು ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚುವಾಗ ಹಿಂದಿನ ಗಲ್ಲಿಯ ಮೇಲೆ ಇರ್ತದೆ. ಅದರದ್ದು ಪಾಳಿ ಬೇರೆ."

ಪಾಳಿ! ನಾನು ಬೋರ್ಡಿನ ಎಂಟೂ ಚಿತ್ರ ಅಳಿಸಿದೆ. ಅವತ್ತಿನಿಂದ ನಾನು ಚಂದ್ರನ ಪಾಠ ಶುರು ಮಾಡುವುದು ಆಕಾರದಿಂದ ಅಲ್ಲ, ಗಡಿಯಾರದಿಂದ.

ಪಾಳಿಯ ಲೆಕ್ಕ ಇಷ್ಟೇ. ಚಂದ್ರ ದಿನಾ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಅಮಾವಾಸ್ಯೆಯ ದಿನ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾನೆ. ಅದಕ್ಕೇ ಕಾಣುವುದಿಲ್ಲ. ಶುಕ್ಲ ಅಷ್ಟಮಿಗೆ ಹುಟ್ಟುವುದು ನಡುಮಧ್ಯಾಹ್ನ, ಮುಳುಗುವುದು ನಡುರಾತ್ರಿ. ಹುಣ್ಣಿಮೆಗೆ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿ ಇಡೀ ರಾತ್ರಿ ಕಾಯುತ್ತಾನೆ. ಕೃಷ್ಣ ಅಷ್ಟಮಿಗೆ ಹುಟ್ಟುವುದೇ ನಡುರಾತ್ರಿ. ಸಂಜೆ ಶಾಲೆಗೆ ಬರುವ ಹುಡುಗನಿಗೆ ಅವನು ಸಿಗುವುದಿಲ್ಲ, ನಾಲ್ಕಕ್ಕೆ ಒಲೆ ಹಚ್ಚುವವನಿಗೆ ಸಿಗುತ್ತಾನೆ.

ಆಕಾರ ಮತ್ತು ಹೊತ್ತು ಎರಡು ಬೇರೆ ವಿಷಯ ಅಲ್ಲ. ಎರಡೂ ಒಂದೇ ವಿಷಯ. ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಅನ್ನುವುದೇ ಅವನ ಆಕಾರ, ಅದೇ ಅವನ ಟೈಮ್. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತೋ ಏನೋ. ತಿಂಗಳು ಅಂದರೆ ಚಂದ್ರ, ತಿಂಗಳು ಅಂದರೆ ಮೂವತ್ತು ದಿನ. ಬೆಳದಿಂಗಳು ಅನ್ನುವಾಗ ಒಂದು ಅರ್ಥ, ತಿಂಗಳ ಸಂಬಳ ಅನ್ನುವಾಗ ಇನ್ನೊಂದು.

ಈಗ ಒಂದು ಆಟ. ಪೂಜೆಗೆ ತಂದ ಮೋಸಂಬಿಗಳನ್ನು ಅಜ್ಜಿಯವರಿಂದ ಕಡ ತಂದಿದ್ದೇನೆ, ವಾಪಸ್ ಕೊಡುವ ಷರತ್ತಿನ ಮೇಲೆ. ನಾಲ್ಕೈದು ಜನ ಮುಂದೆ ಬನ್ನಿ. ಹಾಲಿನ ದೀಪ ಎಲ್ಲ ಆರಿಸಿ. ಮೇಜಿನ ಮೇಲಿನ ಈ ಒಂದು ಬಲ್ಬ್ ಸೂರ್ಯ. ನಿಮ್ಮ ತಲೆ ಭೂಮಿ. ಮೂಗು ಮುಂಬೈ. ಎಡಗೈ ಚಾಚಿ ಮೋಸಂಬಿಯನ್ನು ಹಿಡಿಯಿರಿ, ತಲೆಗಿಂತ ಸ್ವಲ್ಪ ಮೇಲೆ.

ಬಲ್ಬಿನ ಕಡೆ ಮುಖ ಮಾಡಿ. ಮೋಸಂಬಿ ಕಪ್ಪಾಗಿ ಕಾಣುತ್ತಿದೆ, ಅಲ್ವಾ? ಆದರೆ ಅದರ ಆ ಕಡೆಯ ಮೈ ಪೂರ್ತಿ ಬೆಳಗುತ್ತಿದೆ. ನಿಮಗೆ ಕಾಣುತ್ತಿಲ್ಲ, ಅಷ್ಟೇ. ಇದು ಅಮಾವಾಸ್ಯೆ. ಈಗ ನಿಧಾನಕ್ಕೆ ಎಡಕ್ಕೆ ತಿರುಗಿ, ಕೈಯೂ ನಿಮ್ಮ ಜೊತೆಗೇ ಬರಲಿ. ಬಲಗಡೆ ಅಂಚಿನಲ್ಲಿ ಬೆಳಕಿನ ಗೀರು ಮೂಡಿತಾ? ಬಿದಿಗೆ. ಇನ್ನೂ ತಿರುಗಿ. ಬಲ್ಬ್ ನಿಮ್ಮ ಬಲ ಕಿವಿಗೆ ನೇರ ಬಂದಾಗ ನಿಲ್ಲಿ. ಮೋಸಂಬಿಯ ಬಲ ಅರ್ಧ ಬೆಳಗಿದೆ. ಶುಕ್ಲ ಅಷ್ಟಮಿ. ಮೂಗಿನ ಬಲಕ್ಕೆ ಸೂರ್ಯ ಇದ್ದಾನೆ, ಅಂದರೆ ಮುಂಬೈಯಲ್ಲಿ ಸಂಜೆ. ಮೋಸಂಬಿ ಮೂಗಿನ ನೇರಕ್ಕಿದೆ, ಅಂದರೆ ನೆತ್ತಿಯ ಮೇಲೆ. ಜುಹೂವಿನಲ್ಲಿ ನಿಂತು ನೋಡಿದ್ದು ಇದನ್ನೇ. ಇನ್ನೂ ಅರ್ಧ ಕಾಲು ಸುತ್ತು, ಮತ್ತೆ ಅರ್ಧ ಕಾಲು. ಬಲ್ಬಿಗೆ ಬೆನ್ನು. ಪೂರ್ತಿ ಬೆಳಗಿದೆ. ಹುಣ್ಣಿಮೆಯ ನಡುರಾತ್ರಿ.

ಅಕ್ಕ, ನಿಮ್ಮದು ಕಪ್ಪಾಯಿತು ಅಂತೀರಾ? ಕೈ ಕೆಳಗೆ ಇಳಿಸಿಬಿಟ್ಟಿದ್ದೀರಿ. ನಿಮ್ಮ ತಲೆಯ ನೆರಳು ಮೋಸಂಬಿಯ ಮೇಲೆ ಬಿತ್ತು. ನೋಡಿ, ಅಕ್ಕನಿಗೆ ಗ್ರಹಣ ಸಿಕ್ಕಿತು! ಕೈ ಸ್ವಲ್ಪ ಎತ್ತಿ, ಗ್ರಹಣ ಬಿಡುತ್ತದೆ.

ಎಲ್ಲರೂ ಗಮನಿಸಿದಿರಾ? ನೀವು ತಿರುಗುತ್ತಾ ಇರುವಷ್ಟು ಹೊತ್ತೂ ಮೋಸಂಬಿಯ ಅರ್ಧ ಮೈಗೆ ಬೆಳಕು ಇದ್ದೇ ಇತ್ತು. ಯಾವಾಗಲೂ ಅರ್ಧ. ಅಮಾವಾಸ್ಯೆಗೂ ಅರ್ಧ, ಹುಣ್ಣಿಮೆಗೂ ಅರ್ಧ. ಬೆಳಗಿದ ಅರ್ಧದಲ್ಲಿ ಎಷ್ಟು ನಮ್ಮ ಕಡೆಗಿದೆ ಅನ್ನುವುದು ಮಾತ್ರ ಬದಲಾಗುತ್ತದೆ. ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ಬರೆದಿಟ್ಟಿದ್ದಾನೆ: ಭೂಮಿ, ಗ್ರಹಗಳು ಇವುಗಳ ಒಂದು ಅರ್ಧ ತಮ್ಮದೇ ನೆರಳಿನಿಂದ ಕತ್ತಲು, ಸೂರ್ಯನ ಕಡೆಗಿನ ಅರ್ಧ ಬೆಳಕು. ತಮ್ಮದೇ ನೆರಳು ಅನ್ನುವ ಮಾತನ್ನು ಹಿಡಿದುಕೊಳ್ಳಿ. ಚಂದ್ರನ ಕಪ್ಪು ಭಾಗ ಅಂದರೆ ಅಲ್ಲಿ ರಾತ್ರಿ, ಅಷ್ಟೇ. ನಮ್ಮಲ್ಲಿ ರಾತ್ರಿ ಆಗುವ ಹಾಗೆಯೇ.

ಈ ಆಟಕ್ಕೆ ಬಲ್ಬೂ ಬೇಕಿಲ್ಲ. ಶುಕ್ಲ ಅಷ್ಟಮಿಯ ಮಧ್ಯಾಹ್ನ ನಾಲ್ಕಕ್ಕೆ ಟೆರೇಸಿಗೆ ಹೋಗಿ. ಬಿಸಿಲಿರುತ್ತದೆ, ಪೂರ್ವದ ಕಡೆ ಬೆಳ್ಳಗೆ ಚಂದ್ರನೂ ಇರುತ್ತಾನೆ. ಒಂದು ನಿಂಬೆಹಣ್ಣನ್ನು ಚಂದ್ರನ ಪಕ್ಕದಲ್ಲೇ ಕಾಣುವ ಹಾಗೆ ಎತ್ತಿ ಹಿಡಿಯಿರಿ. ಬಿಸಿಲು ಬಿದ್ದ ನಿಂಬೆಹಣ್ಣು ಥೇಟ್ ಚಂದ್ರನ ಆಕಾರದಲ್ಲೇ ಬೆಳಗಿರುತ್ತದೆ. ಒಂದೇ ಸೂರ್ಯ, ಒಂದೇ ದಿಕ್ಕು. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ನಿಂಬೆಹಣ್ಣು ನನ್ನ ಕೈಯಲ್ಲಿ, ಚಂದ್ರ 3 ಲಕ್ಷ 84 ಸಾವಿರ ಕಿಲೋಮೀಟರ್ ಆಚೆ. ಎರಡರ ಮೈಮೇಲೂ ಅದೇ ಮಧ್ಯಾಹ್ನದ ಬಿಸಿಲು.

"ಹಾಗಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕೆ ಆಗುವುದಿಲ್ಲ, ಸರ್?"

ಒಳ್ಳೆ ಪ್ರಶ್ನೆ. ಅಕ್ಕನ ಕೈಯಲ್ಲಿ ಅರ್ಧ ಉತ್ತರ ಇತ್ತು. ಪುಸ್ತಕದ ಚಿತ್ರಗಳಲ್ಲಿ ಭೂಮಿ ಚಂದ್ರ ಪಕ್ಕ ಪಕ್ಕ ಇರುತ್ತವೆ. ಹಾಗಿಲ್ಲ. ಭೂಮಿ ಈ ಮೋಸಂಬಿಯಷ್ಟಿದ್ದರೆ, ಅಂದರೆ 8 ಸೆಂಟಿಮೀಟರ್, ಚಂದ್ರ ಒಂದು ಗೋಟು ಅಡಿಕೆಯಷ್ಟು. ಆ ಅಡಿಕೆಯನ್ನು ಎಲ್ಲಿಡಬೇಕು? ಪಕ್ಕದಲ್ಲಲ್ಲ, ಸುಮಾರು ಎಂಟು ಅಡಿ ದೂರ. ಅಗೋ ಆ ಫ್ಯಾನಿನ ಸ್ವಿಚ್ಚಿನ ಹತ್ತಿರ. ಸೂರ್ಯ ಇಲ್ಲಿಂದ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರದಲ್ಲಿ, ಮೂರಂತಸ್ತಿನ ಮನೆಯಷ್ಟು ಎತ್ತರ. ಈಗ ನೋಡಿ, ಚಂದ್ರನ ದಾರಿ ಸೂರ್ಯ ಭೂಮಿಯ ಗೆರೆಗೆ ಸರಿಯಾಗಿ ಕೂತಿಲ್ಲ, ಸುಮಾರು 5 ಡಿಗ್ರಿ ಓರೆಯಾಗಿದೆ. ಎಂಟು ಅಡಿ ದೂರದಲ್ಲಿ ಅದು ಹತ್ತಿರ ಹತ್ತಿರ ಒಂದು ಗೇಣು. ಮೋಸಂಬಿಯ ದಟ್ಟ ನೆರಳು ಅಲ್ಲಿಗೆ ಹೋಗುವಾಗ ಮೂರು ಅಡಿಕೆಯಷ್ಟೂ ಅಗಲ ಉಳಿದಿರುವುದಿಲ್ಲ. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಅಡಿಕೆ ಆ ನೆರಳಿನ ಮೇಲಿಂದಲೋ ಕೆಳಗಿಂದಲೋ ದಾಟಿ ಹೋಗುತ್ತದೆ. ಎರಡು ದಾರಿ ಕೂಡುವ ಎರಡು ಜಾಗ ಇವೆ. ಅಲ್ಲಿ ಹುಣ್ಣಿಮೆ ಬಿದ್ದರೆ ಗ್ರಹಣ. ಆ ಜಾಗಗಳಿಗೇ ನಮ್ಮ ಹಿರಿಯರು ರಾಹು, ಕೇತು ಅಂದದ್ದು. ಅವು ಕಲ್ಲು ಮಣ್ಣಿನ ಗ್ರಹ ಅಲ್ಲ, ಲೆಕ್ಕದ ಬಿಂದು.

ಈಗ ಕ್ಯಾಲೆಂಡರಿಗೆ ಬರೋಣ. ತಿಥಿ ಅಂದರೆ ಏನು? ದಿನ ಅಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಸರಿದರೆ ಒಂದು ತಿಥಿ. ಮೂವತ್ತು ಹನ್ನೆರಡಲಿ 360, ಒಂದು ಸುತ್ತು. ಚಂದ್ರನ ದಾರಿ ದುಂಡಗಿಲ್ಲ. ಹತ್ತಿರ ಬಂದಾಗ ಬೇಗ ಓಡುತ್ತಾನೆ, ದೂರ ಇದ್ದಾಗ ನಿಧಾನ. ಅದಕ್ಕೇ ಒಂದು ತಿಥಿ ಸುಮಾರು 19 ಗಂಟೆಗೂ ಮುಗಿಯಬಹುದು, 26 ಗಂಟೆಯೂ ಎಳೆಯಬಹುದು. ಚೌತಿ ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ಶುರು ಅಂತ ಕ್ಯಾಲೆಂಡರಿನಲ್ಲಿ ಬರೆದಾಗ ನಗು ಬರುತ್ತಿತ್ತು, ಇದೇನು ರೈಲಿನ ಟೈಮಾ ಅಂತ. ಈಗ ನಗುವುದಿಲ್ಲ. ಅದು ಕೋನದ ಅಳತೆ.

ಕೈಯಲ್ಲೇ ಅಳೆಯಬಹುದು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಚಂದ್ರ ಸೂರ್ಯನಿಂದ ದಿನಕ್ಕೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ ದೂರ ಸರಿಯುತ್ತಾನೆ.

ನಮ್ಮ ಎರಡು ಚೌತಿಗಳನ್ನು ಇದಕ್ಕೆ ಹಚ್ಚಿ ನೋಡಿ. ಗಣೇಶ ಚೌತಿ ಶುಕ್ಲ ಪಕ್ಷದ್ದು. ಚಂದ್ರ ಸೂರ್ಯನಿಂದ ನಾಲ್ಕು ಮುಷ್ಟಿ ಪೂರ್ವಕ್ಕೆ. ಸೂರ್ಯ ಮುಳುಗಿದ ಮೇಲೆ ಎರಡೂವರೆ ಮೂರು ಗಂಟೆ ಪಶ್ಚಿಮದಲ್ಲೇ ಇರುತ್ತಾನೆ. ಅಂದರೆ ಮಂಟಪ ನೋಡಲು ಜನ ಬೀದಿಗೆ ಇಳಿಯುವ ಹೊತ್ತಿಗೆ ಸರಿಯಾಗಿ ಎದುರಿಗೇ ಇದ್ದಾನೆ. ನೋಡಬಾರದು ಅನ್ನುವ ದಿನವೇ ತಪ್ಪಿಸಿಕೊಳ್ಳುವುದು ಕಷ್ಟ! ಸಂಕಷ್ಟಿ ಕೃಷ್ಣ ಪಕ್ಷದ್ದು. ನೋಡಲೇಬೇಕು ಅನ್ನುವ ದಿನ. ಅವತ್ತು ಅದೇ ಎರಡೂವರೆ ಮೂರು ಗಂಟೆ ಕಾಯಿಸಿ ಪೂರ್ವದಲ್ಲಿ ಹುಟ್ಟುತ್ತಾನೆ. ಒಂದು ಚೌತಿಗೆ ಬೇಡ ಅಂದರೂ ಹಾಜರು, ಇನ್ನೊಂದಕ್ಕೆ ಬೇಕು ಅಂದರೂ ತಡ. ಅಂತರ ಎರಡಕ್ಕೂ ಅದೇ ನಾಲ್ಕು ಮುಷ್ಟಿ, ಒಂದಕ್ಕೆ ಸೂರ್ಯನಿಂದ, ಇನ್ನೊಂದಕ್ಕೆ ಸೂರ್ಯನ ನೇರ ಎದುರಿನ ಹುಣ್ಣಿಮೆಯ ಜಾಗದಿಂದ. ಗಣೇಶ ಚೌತಿಗೆ ಕಾಣುವ ಮುಖದ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಬೆಳಗಿರುತ್ತದೆ, ಸಂಕಷ್ಟಿಗೆ ಅಷ್ಟೇ ಕತ್ತಲು.

"ಬೆಂಗಳೂರಿನಲ್ಲಿ ನನ್ನ ತಂಗಿ ನನಗಿಂತ ಮೊದಲೇ ಊಟ ಮಾಡ್ತಾಳೆ. ಅವಳು ಮೋಸ ಮಾಡ್ತಿದ್ದಾಳಾ?"

ಇಲ್ಲ ಅಕ್ಕ, ಮೋಸ ಅಲ್ಲ. ಬೆಂಗಳೂರು ನಮಗಿಂತ ಸುಮಾರು ನಾಲ್ಕೂಮುಕ್ಕಾಲು ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಸರಾಸರಿ 20 ನಿಮಿಷ ಮೊದಲು ಅಲ್ಲಿ ಹುಟ್ಟುತ್ತಾನೆ. ಕಾಲಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ. ಅದಕ್ಕೇ ಕ್ಯಾಲೆಂಡರಿನಲ್ಲಿ ಊರು ಊರಿನ ಚಂದ್ರೋದಯ ಬೇರೆ ಬೇರೆ ಹಾಕುವುದು. ಅದರ ಮೇಲೆ ಮುಂಬೈಯ ಕಟ್ಟಡಗಳು ಬೇರೆ. ಎದುರಿನ ಟವರ್ ಎರಡು ಮುಷ್ಟಿ ಎತ್ತರ ಕಂಡರೆ ಇನ್ನೂ ಸುಮಾರು ಒಂದೂವರೆ ಗಂಟೆ ಉಪವಾಸ. ತಂಗಿಯನ್ನು ಬೈಯಬೇಡಿ, ಬಿಲ್ಡರನ್ನು ಬೈಯಿರಿ.

ನನಗೆ ತುಂಬ ಇಷ್ಟವಾದ ಭಾಗ ಈಗ ಬರುತ್ತದೆ, ಸಮುದ್ರ. ಈ ಊರಿನಲ್ಲಿದ್ದು ಚಂದ್ರನ ಬಗ್ಗೆ ಮಾತಾಡಿ ಸಮುದ್ರ ಬಿಟ್ಟರೆ ಆಗುತ್ತದಾ? ಉಬ್ಬರವನ್ನು ಮರಾಠಿಯಲ್ಲಿ ಭರ್ತಿ ಅಂತಾರೆ, ಇಳಿತವನ್ನು ಓಹೋಟಿ. ಅಮಾವಾಸ್ಯೆ ಹುಣ್ಣಿಮೆಯ ಸುತ್ತಮುತ್ತ ಬರುವ ದೊಡ್ಡ ಉಬ್ಬರ ಉಧಾಣ್. ಅಷ್ಟಮಿ ಆಸುಪಾಸಿನ ಸಪ್ಪೆ ಉಬ್ಬರ ಭಾಂಗ್. ಕಾರಣ ನಾವು ಮೋಸಂಬಿಯಲ್ಲಿ ನೋಡಿದ್ದೇ. ನೀರನ್ನು ಚಂದ್ರನೂ ಎಳೆಯುತ್ತಾನೆ, ಸೂರ್ಯನೂ ಎಳೆಯುತ್ತಾನೆ. ಸೂರ್ಯನ ಪಾಲು ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆಗೂ ಹುಣ್ಣಿಮೆಗೂ ಮೂವರೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ, ಎರಡು ಎಳೆತ ಕೂಡುತ್ತವೆ. ಅಷ್ಟಮಿಗೆ ಒಬ್ಬ ಇತ್ತ, ಒಬ್ಬ ಅತ್ತ. ಒಂದರ ಜೋರನ್ನು ಇನ್ನೊಂದು ಕಡಿಮೆ ಮಾಡುತ್ತದೆ. ನೀರು ನಿಧಾನ ಅಲ್ವಾ, ದೊಡ್ಡ ಉಬ್ಬರ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಬರುತ್ತದೆ.

ಕೊಂಕಣ ಕರಾವಳಿಯಲ್ಲಿ ಉಬ್ಬರದ ಹೊತ್ತಿಗೆ ಒಂದು ಬಾಯಿಲೆಕ್ಕ ಇದೆ. ತಿಥಿಯ ಮುಕ್ಕಾಲು. ಚೌತಿ ಅಂದರೆ ನಾಲ್ಕು, ನಾಲ್ಕರ ಮುಕ್ಕಾಲು ಮೂರು. ಮೂರು ಗಂಟೆಗೆ ಉಬ್ಬರ, ಹಗಲೂ ರಾತ್ರಿಯೂ. ಅಷ್ಟಮಿಗೆ ಆರು ಗಂಟೆ. ಹುಣ್ಣಿಮೆಗೆ ಹನ್ನೊಂದೂಕಾಲು. ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಆದರೆ ದೋಣಿ ಇಳಿಸಲು ಸಾಕು. ಯಾಕೆ ಮುಕ್ಕಾಲು? ಮುಕ್ಕಾಲು ಗಂಟೆ ಅಂದರೆ 45 ನಿಮಿಷ. ಚಂದ್ರ ದಿನಾ ತಡಮಾಡುವ ಸುಮಾರು 50 ನಿಮಿಷಕ್ಕೆ ಅದೇ ಹತ್ತಿರ. ಒಲೆ ಹಚ್ಚುವ ಹುಡುಗನ ಪಾಳಿಯೇ ಸಮುದ್ರದ ಪಾಳಿ. ಹಾಜಿ ಅಲಿಗೆ ಹೋಗುವ ಕಾಲುದಾರಿ ಯಾವಾಗ ನೀರಿನಡಿ ಮುಳುಗುತ್ತದೆ ಅಂತ ನಾನು ಫೋನ್ ನೋಡುವುದಿಲ್ಲ. ತಿಥಿ ಕೇಳುತ್ತೇನೆ.

2025ರ ಅನಂತ ಚತುರ್ದಶಿ ನೆನಪಿದೆಯಾ? ನಮ್ಮ ಮುಂಬೈಯ ಲಾಲ್‌ಬಾಗಿನ ಗಣಪತಿ ಗಿರ್ಗಾಂವ್ ಚೌಪಾಟಿಗೆ ಬಂದದ್ದು ಮರುದಿನ, ಸೆಪ್ಟೆಂಬರ್ 7ರ ಬೆಳಿಗ್ಗೆ. ಅವತ್ತು ಹುಣ್ಣಿಮೆ. ಲೆಕ್ಕ ಹಾಕಿ, ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಮಧ್ಯಾಹ್ನದ ಹೊತ್ತಿಗೆ ಉಬ್ಬರ ತುಂಬಿತ್ತು. ವಿಸರ್ಜನೆಗೆ ರಾತ್ರಿಯವರೆಗೂ ಕಾಯಬೇಕಾಯಿತು. ಅದೇ ರಾತ್ರಿ ಪೂರ್ಣ ಚಂದ್ರಗ್ರಹಣ. ಹನ್ನೊಂದು ಗಂಟೆಯಿಂದ ಹನ್ನೆರಡು ಇಪ್ಪತ್ತೆರಡರವರೆಗೆ ಚಂದ್ರ ಪೂರ್ತಿ ನೆರಳಿನೊಳಗೆ ಇದ್ದ. ಮೂವರೂ ಒಂದೇ ಗೆರೆಯಲ್ಲಿ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಒಂದೇ ದಿನದಲ್ಲಿ ಎರಡು ಸಾಕ್ಷಿ. ಒಂದು ನೀರಿನಲ್ಲಿ, ಒಂದು ಆಕಾಶದಲ್ಲಿ.

ಮಳೆಗಾಲದಲ್ಲಿ ಇದು ಬರೀ ಕುತೂಹಲದ ಮಾತಲ್ಲ. ನಾಲ್ಕೂವರೆ ಮೀಟರಿಗಿಂತ ಎತ್ತರದ ಉಬ್ಬರ ಬರುವ ದಿನಗಳ ಪಟ್ಟಿಯನ್ನು ಮೊದಲೇ ಹೊರಡಿಸುತ್ತಾರೆ, ನೋಡಿರಬಹುದು. ನಗರದ ಎಷ್ಟೋ ಚರಂಡಿಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಸಮುದ್ರ ತುಂಬಿದ್ದಾಗ ಮಳೆನೀರು ಹೊರಗೆ ಹೋಗುವುದಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಅವತ್ತು ಮಧ್ಯಾಹ್ನ ಮಳೆ ಸುರಿಯುವಾಗಲೇ ಸಮುದ್ರವೂ ಉಬ್ಬರದಲ್ಲಿತ್ತು. ನಾನು ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವನು. ಇಲ್ಲಿ ಇನ್ನೂ ಎಷ್ಟೋ ಜನ ಹಾಗೇ ಬಂದಿದ್ದೀರಿ. ಅದನ್ನು ಬಿಡೋಣ.

ಪಂಚಾಂಗದ ಜಗಳಗಳನ್ನು ಬೇಗ ಹೇಳಿಬಿಡುತ್ತೇನೆ, ಟೈಮ್ ಎಂಟೂಕಾಲು ಆಯಿತು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸಲ ಆದರೆ 354 ದಿನ. ವರ್ಷಕ್ಕೆ 11 ದಿನ ಕಡಿಮೆ. ಮುಸ್ಲಿಮರ ಕ್ಯಾಲೆಂಡರ್ ಆ ಕಡಿಮೆಯನ್ನು ಹಾಗೇ ಬಿಡುತ್ತದೆ. ಅದಕ್ಕೇ ಈದ್ ವರ್ಷ ವರ್ಷ ಹಿಂದೆ ಹಿಂದೆ ಬರುತ್ತದೆ. ನಾವು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಸರಿಮಾಡುತ್ತೇವೆ. 2023ರಲ್ಲಿ ಅಧಿಕ ಶ್ರಾವಣ ಬಂತು, 2026ಕ್ಕೆ ಅಧಿಕ ಜ್ಯೇಷ್ಠ. ನಮ್ಮ ತುಳುನಾಡಿನವರದ್ದು ಇನ್ನೊಂದು ದಾರಿ. ಅವರ ತಿಂಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ, ಸೂರ್ಯನ ಲೆಕ್ಕ. ಆದರೂ ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿಯಲು ಚಂದ್ರನನ್ನೇ ಕೇಳಬೇಕು. ಶೆಟ್ರು ತಲೆ ಆಡಿಸುತ್ತಿದ್ದಾರೆ. ಆ ಕಹಿ ಯಾರೂ ಮರೆಯುವುದಿಲ್ಲ.

ಇನ್ನೊಂದು ತಮಾಷೆ ಇದೇ ಊರಿನಲ್ಲಿ ಸಿಗುತ್ತದೆ. ನಮ್ಮ ಕಟ್ಟಡದ ಕೆಳಗೆ ಹಾಲಿನವರು ಉತ್ತರ ಪ್ರದೇಶದವರು. ಅವರ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮೊದಲೇ ಶುರು. ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ನಮ್ಮದೂ ಮರಾಠಿಗರದೂ ಅಮಾವಾಸ್ಯೆಗೆ ಮುಗಿಯುತ್ತದೆ. ಹಬ್ಬದ ದಿನ ಮಾತ್ರ ಇಬ್ಬರಿಗೂ ಒಂದೇ. ತಿಂಗಳ ಹೆಸರಿಗೆ ಜಗಳ ಮಾಡಬೇಡಿ, ಚಂದ್ರನಿಗೆ ಹೆಸರು ಗೊತ್ತಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

"ಅಮಾವಾಸ್ಯೆ ಕೆಟ್ಟ ದಿನವಾ?"

ಮಾಟುಂಗದ ನಮ್ಮ ತಮಿಳು ಸ್ನೇಹಿತರನ್ನು ಕೇಳಿ. ಅವರು ಹೊಸ ಕೆಲಸಕ್ಕೆ ಅಮಾವಾಸ್ಯೆಯೇ ಒಳ್ಳೆಯದು ಅಂತಾರೆ. ದಲಾಲ್ ಸ್ಟ್ರೀಟಿನ ಶೇರು ಪೇಟೆಯವರನ್ನು ಕೇಳಿ. ದೀಪಾವಳಿಯ ಲಕ್ಷ್ಮೀಪೂಜೆ ಅಮಾವಾಸ್ಯೆಗೇ. ಅಲ್ಲಿ 1957ರಿಂದ ಲಕ್ಷ್ಮೀಪೂಜೆಯ ಜೊತೆಗೇ ಮುಹೂರ್ತದ ವಹಿವಾಟು ನಡೆದು ಬಂದಿದೆ. ಚಂದ್ರನ ಮಟ್ಟಿಗೆ ಹೇಳುವುದಾದರೆ, ಅವತ್ತು ಅವನು ಹಗಲು ಪಾಳಿಯಲ್ಲಿದ್ದಾನೆ, ಅಷ್ಟೇ.

"ಅರ್ಧ ಚಂದ್ರನ ಬೆಳಕು ಹುಣ್ಣಿಮೆಯ ಅರ್ಧದಷ್ಟಾ?"

ಅಲ್ಲ. ಸುಮಾರು ಹತ್ತನೇ ಒಂದು ಪಾಲು ಮಾತ್ರ. ಅಷ್ಟಮಿಯ ದಿನ ಅಲ್ಲಿನ ಗುಡ್ಡ ಗುಂಡಿಗಳಿಗೆ ಪಕ್ಕದಿಂದ ಬಿಸಿಲು ಬೀಳುತ್ತದೆ. ಉದ್ದುದ್ದ ನೆರಳು ತುಂಬಿರುತ್ತದೆ. ಹುಣ್ಣಿಮೆಗೆ ನೆರಳು ನಮಗೆ ಕಾಣುವುದೇ ಇಲ್ಲ. ಬೈನಾಕ್ಯುಲರ್ ಇದ್ದರೆ ಅಷ್ಟಮಿಗೆ ನೋಡಿ, ಕತ್ತಲು ಬೆಳಕು ಸೇರುವ ಗೆರೆಯ ಮೇಲೆ. ಹುಣ್ಣಿಮೆಯ ಚಂದ್ರ ಬೈನಾಕ್ಯುಲರಿಗೆ ಸಪ್ಪೆ. ಅಂದ ಹಾಗೆ ಚಂದ್ರನ ಮೈ ಬೆಳ್ಳಗಿಲ್ಲ. ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ಹನ್ನೆರಡು ಪಾಲು ಮಾತ್ರ ವಾಪಸ್ ಕೊಡುತ್ತದೆ. ಹಳೆ ಡಾಂಬರು ರಸ್ತೆಯ ಹಾಗೆ. ಸುತ್ತ ಕಪ್ಪು ಆಕಾಶ ಇರುವುದರಿಂದ ಹಾಲಿನ ಹಾಗೆ ಕಾಣುತ್ತದೆ.

"ಸಿನಿಮಾದಲ್ಲಿ ನಡುರಾತ್ರಿ ಬಿದಿಗೆ ಚಂದ್ರ ತೋರಿಸ್ತಾರಲ್ಲ?"

ತಪ್ಪು! ಬಿದಿಗೆ ಚಂದ್ರ ನಡುರಾತ್ರಿ ಇರುವುದೇ ಇಲ್ಲ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಅವನೂ ಹೋಗುತ್ತಾನೆ. ಚಂದ್ರನ ಎರಡು ಕೊಂಬುಗಳ ನಡುವೆ ನಕ್ಷತ್ರ ಬರೆಯುವುದೂ ತಪ್ಪು. ಅಲ್ಲಿ ಚಂದ್ರನ ಕಪ್ಪು ಮೈ ಇದೆ. ಅದನ್ನು ತೂರಿ ನಕ್ಷತ್ರ ಹೇಗೆ ಕಾಣುತ್ತದೆ? ಬಿದಿಗೆ ತದಿಗೆಯ ದಿನ ಆ ಕಪ್ಪು ಮೈ ಮಂಕಾಗಿ ಕಾಣುವುದೂ ಉಂಟು. ಅದು ನಮ್ಮ ಭೂಮಿಯಿಂದ ಹೋದ ಬೆಳಕು. ಅಲ್ಲಿ ನಿಂತವನಿಗೆ ಆಗ ಭೂಮಿ ಹತ್ತಿರ ಹತ್ತಿರ ಹುಣ್ಣಿಮೆಯ ಹಾಗೆ ಕಾಣುತ್ತದೆ. ಬೆಳದಿಂಗಳಿಗೆ ಬದಲಾಗಿ ಬೆಳಭೂಮಿ ಅನ್ನಬೇಕೇನೋ.

"ಚಂದ್ರಯಾನ ಕತ್ತಲ ಕಡೆ ಇಳಿಯಿತು ಅಂತಾರೆ?"

ಇಲ್ಲ, ಚಂದ್ರಯಾನ 3 ಇಳಿದದ್ದು ನಮಗೆ ಕಾಣುವ ಮುಖದಲ್ಲೇ, ದಕ್ಷಿಣದ ಕಡೆ. 2023ರ ಆಗಸ್ಟ್ 23, ಸಂಜೆ ಆರು ಗಂಟೆ ನಾಲ್ಕು ನಿಮಿಷ. ತಿಥಿ ನೋಡಿ, ಶುಕ್ಲ ಸಪ್ತಮಿ. ಆ ಜಾಗದಲ್ಲಿ ಬೆಳಗಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಅಲ್ಲಿ ಒಂದು ಹಗಲು ಅಂದರೆ ನಮ್ಮ ಹದಿನಾಲ್ಕು ದಿನಕ್ಕೂ ಸ್ವಲ್ಪ ಜಾಸ್ತಿ. ಯಂತ್ರ ನಡೆಯುವುದು ಬಿಸಿಲಿನಿಂದ. ಅದಕ್ಕೇ ಬೆಳಿಗ್ಗೆ ಇಳಿಸಿ, ಸೆಪ್ಟೆಂಬರ್ ಮೊದಲ ವಾರದಲ್ಲಿ ಸಂಜೆ ಆಗುವ ಮೊದಲೇ ಮಲಗಿಸಿದರು. ಯಾವಾಗಲೂ ಕತ್ತಲಾಗಿರುವ ಕಡೆ ಅಂತ ಒಂದಿಲ್ಲ. ನಮಗೆ ಕಾಣದ ಆ ಕಡೆಗೆ ಅಮಾವಾಸ್ಯೆಯ ದಿನ ಪೂರ್ತಿ ಬಿಸಿಲು.

ಸಾಕು. ಹತ್ತು ನಿಮಿಷ ಕಡಿಮೆ ಒಂಬತ್ತು. ನಡೆಯಿರಿ ಮೇಲೆ.

ಇಲ್ಲಿಗೆ ಮಾತು ಮುಗಿಯಿತು. ಆಮೇಲೆ ನಡೆದದ್ದನ್ನೂ ಬರೆಯುತ್ತೇನೆ.

ನಮ್ಮ ಟೆರೇಸಿನಿಂದ ಪೂರ್ವಕ್ಕೆ ಉಪ್ಪಿನ ಗದ್ದೆ, ಅದರಾಚೆ ಖಾಡಿಯ ಹಿನ್ನೀರು, ಅದರಾಚೆ ಪಾರ್ಸಿಕ್ ಗುಡ್ಡ. ಒಂಬತ್ತು ನಾಲ್ಕಕ್ಕೆ ಏನೂ ಕಾಣಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ನಾನೇ ಚಂದ್ರನ ಮ್ಯಾನೇಜರ್ ಅನ್ನುವ ಹಾಗೆ. ಗುಡ್ಡ ಇದೆ, ಮಬ್ಬು ಇದೆ, ಸ್ವಲ್ಪ ಕಾಯಿರಿ ಅಂದೆ. ಒಂಬತ್ತೂ ಇಪ್ಪತ್ತರ ಹೊತ್ತಿಗೆ ಗುಡ್ಡದ ಮೇಲೆ ಕಿತ್ತಳೆ ಬಣ್ಣದ ಚಂದ್ರ ಎದ್ದ. ಮೇಲಿನ ಅಂಚು ಸ್ವಲ್ಪ ಸವೆದಿತ್ತು. ಅರ್ಘ್ಯದ ನೀರು ಬಿಟ್ಟರು.

ಅಷ್ಟರಲ್ಲಿ ಒಂದು ಪುಟ್ಟ ಹುಡುಗಿ ಕೆಳಗಿನಿಂದ ಮೋಸಂಬಿ ತಂದು ಚಂದ್ರನ ಪಕ್ಕಕ್ಕೆ ಎತ್ತಿ ಹಿಡಿದಳು. ಸುಮ್ನೆ ಕಪ್ಪು ಉಂಡೆ. ನನ್ನ ಕಡೆ ತಿರುಗಿ, "ಅಜ್ಜ, ಇದು ಬೆಳಗ್ತಾ ಇಲ್ಲ" ಅಂದಳು. ಇದಕ್ಕೆ ಬಿಸಿಲು ಬೇಕು ಮಗಾ, ನಾಳೆ ಬೆಳಿಗ್ಗೆ ಎಂಟಕ್ಕೆ ಇಲ್ಲಿಗೇ ಬಾ ಅಂದೆ. ಈ ಕಡೆಯಿಂದ ಬಿಸಿಲು ಬರ್ತದೆ, ಆ ಕಡೆ ಪಶ್ಚಿಮದಲ್ಲಿ ಇದೇ ಚಂದ್ರ ಇನ್ನೂ ಇರ್ತಾನೆ. ಆಗ ಹಿಡಿದು ನೋಡು. ಸರಿ ಅಂತ ಮೋಸಂಬಿಯನ್ನು ಜೇಬಿಗೆ ತುರುಕಲು ನೋಡಿದಳು. ಅವಳ ಅಜ್ಜಿ ಅದನ್ನು ಕಿತ್ತುಕೊಂಡು, ಸೆರಗಿನಲ್ಲಿ ಒರೆಸಿ, ನೈವೇದ್ಯದ ತಟ್ಟೆಗೆ ವಾಪಸ್ ಇಟ್ಟರು.